ಹಲ್ಲು ತೋರಿಸಲು ಹೋದವರು

ಮಧ್ಯಾಹ್ನ ಊಟಕ್ಕೆ ಕೂತಿದ್ದ ನನ್ನ ಮಗಳು ಸೃಷ್ಟಿ ಬಾಯೊಳಗಿಂದ ಏನನ್ನೋ ತೆಗೆದು ನನ್ನ ಮುಂದೆ ಹಿಡಿದಳು.

"ಮಮ್ಮಿ, ಚಪಾತ್ಯಾಗ ಕಲ್ಲ ಬಂತು ನೋಡ."

ಅಂಗೈಗೆ ಹಾಕಿಕೊಂಡು ನೋಡಿದೆ. ಜೋಳದ ಕಾಳಿನ ಅರ್ಧದಷ್ಟಿತ್ತು. ಒಂದು ಬದಿ ಹಳದಿ, ಇನ್ನೊಂದು ಬದಿ ಸುಣ್ಣದಂತೆ ಬಿಳಿ. ಉಗುರಿನಿಂದ ಒತ್ತಿದರೆ ಪುಡಿಯಾಯಿತು. ಕಲ್ಲು ಹಾಗೆ ಪುಡಿಯಾಗುವುದಿಲ್ಲ. ಬಾಯಿ ತೆರೆಸಿದೆ. ಕೆಳಗಿನ ಸಾಲಿನ ಹಿಂದಿನ ಹಲ್ಲು, ಮೂಡಿ ಇನ್ನೂ ವರ್ಷ ತುಂಬದ ಗಟ್ಟಿ ಹಲ್ಲು, ಒಂದು ಮೂಲೆ ಕುಸಿದು ಒಳಗೆ ಕಂದು ಬಣ್ಣದ ಗುಂಡಿ ಬಿದ್ದಿತ್ತು.

"ನೋವು ಆಗಾಕತ್ತೈತೇನ?"

"ತಣ್ಣೀರ ಕುಡದ್ರ ಝುಮ್ ಅಂತೈತಿ. ದಿನಾ ಹಂಗ ಆಗತೈತಲ್ಲ."

ಎಲ್ಲರಿಗೂ ಹಾಗೇ ಆಗುತ್ತದೆ ಎಂದುಕೊಂಡಿದ್ದಳು ಅವಳು. ನೀರು ಕುಡಿದರೆ ಹಲ್ಲು ಝುಮ್ಮೆನ್ನುವುದು ಲೋಕದ ನಿಯಮ ಎಂದುಕೊಂಡು ಒಂದು ದಿನವೂ ದೂರು ಹೇಳಿರಲಿಲ್ಲ.

ಆಗ ಅವಳಿಗೆ ಏಳು ವರ್ಷ, ಈಗ ಹತ್ತು. ಈ ಮೂರು ವರ್ಷಗಳಲ್ಲಿ ನಾನು ಅಂಜಿದಷ್ಟು ಅದಕ್ಕೂ ಹಿಂದಿನ ಇಡೀ ಆಯುಷ್ಯದಲ್ಲಿ ಅಂಜಿರಲಿಲ್ಲ. ಆ ದಿನಗಳಲ್ಲಿ ದವಾಖಾನೆಯ ಬೆಂಚುಗಳ ಮೇಲೆ ಕೂತವರ ಮುಖ ನೋಡುತ್ತಿದ್ದೆ. ಇದೇ ದಾರಿಯಲ್ಲಿ ನನಗಿಂತ ನಾಲ್ಕು ಹೆಜ್ಜೆ ಮುಂದೆ ಹೋದ ತಾಯಿ ಯಾರಾದರೂ ಇದ್ದಾಳೇ ಎಂದು ಹುಡುಕುತ್ತಿದ್ದೆ. ಸಿಗಲಿಲ್ಲ. ಈಗ ಅದೇ ಬೆಂಚಿನ ಮೇಲೆ ಯಾರಾದರೂ ಕೂತಿರಬಹುದು. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಾವಿರುವುದು ಕೊಣ್ಣೂರಿನಲ್ಲಿ. ನನ್ನ ಗಂಡ ಈರಣ್ಣ ಗೋಕಾಕದಲ್ಲಿ ಪಂಪ್‌ಸೆಟ್ ಮೋಟರ್ ರಿಪೇರಿಯ ಅಂಗಡಿ ಇಟ್ಟಿದ್ದಾರೆ. ಮನೆಯಲ್ಲಿ ಅತ್ತೆ ಗಂಗವ್ವ, ನಾವಿಬ್ಬರು, ಸೃಷ್ಟಿ ಒಬ್ಬಳೇ ಮಗಳು. ನಾನು ಅಂಗನವಾಡಿ ಟೀಚರ್. ಓಣಿಯ ಮಕ್ಕಳನ್ನು ತೂಗುವುದು, ಎತ್ತರ ಅಳೆಯುವುದು, ತೂಕ ಕಡಿಮೆಯಿದ್ದರೆ ತಾಯಂದಿರನ್ನು ಕೂರಿಸಿಕೊಂಡು ಏನು ಉಣಿಸಬೇಕೆಂದು ಹೇಳುವುದು ನನ್ನ ಕೆಲಸ. ಬೇರೆಯವರ ಮಕ್ಕಳ ಬಗ್ಗೆ ಧೈರ್ಯವಾಗಿ ಮಾತಾಡುವವಳು ನಾನು.

ಹಿಂದಿನ ಹಲ್ಲು ಮುರಿಯುವ ಮೊದಲೇ ಮುಂದಿನ ಹಲ್ಲುಗಳು ಸರಿಯಿಲ್ಲ ಎಂದು ಗೊತ್ತಿತ್ತು. ಹಾಲುಹಲ್ಲುಗಳೇನೋ ಮಲ್ಲಿಗೆ ಮೊಗ್ಗಿನ ಹಾಗಿದ್ದವು. ಅವು ಬಿದ್ದು ಬಂದ ಹೊಸ ಹಲ್ಲುಗಳ ಮೇಲೆ ಅಡ್ಡಡ್ಡ ಗೀರು, ಹಳದಿ ಕಲೆ, ಅಲ್ಲಲ್ಲಿ ಸೂಜಿಯಿಂದ ಚುಚ್ಚಿದಂಥ ಗುಳಿ. ಸರಿಯಾಗಿ ತಿಕ್ಕುವುದಿಲ್ಲವೆಂದು ನಾನೇ ಬೈದು, ಬ್ರಶ್ ಕಸಿದುಕೊಂಡು ಒಸಡಿನಲ್ಲಿ ರಕ್ತ ಬರುವಂತೆ ತಿಕ್ಕಿದ್ದೆ. ಒಮ್ಮೆ ಬಸ್ಸಿನಲ್ಲಿ ಎದುರು ಕೂತ ಹೆಂಗಸು ಸೃಷ್ಟಿ ನಕ್ಕಾಗ ಅವಳ ಬಾಯಿ ನೋಡಿ, "ಯವ್ವಾ, ಇಷ್ಟ ಸಣ್ಣ ಕೂಸಿಗೆ ಗುಟಕಾ ಚಟ ಐತೇನ್ರಿ?" ಎಂದು ಕೇಳಿದ್ದಳು. ಬಸ್ಸಿನಲ್ಲಿದ್ದ ನಾಲ್ಕು ಜನ ತಿರುಗಿ ನೋಡಿದರು. ನಾನು ಮುಂದಿನ ಸ್ಟಾಪಿನಲ್ಲೇ ಇಳಿದುಬಿಟ್ಟೆ.

ಹಲ್ಲು ಮುರಿದ ಮರುದಿನ ರಜೆ ಹಾಕಿ ಗೋಕಾಕದ ಹಲ್ಲಿನ ದವಾಖಾನೆಗೆ ಕರೆದುಕೊಂಡು ಹೋದೆ. ಹೊರಗಿನ ಕೋಣೆಯಲ್ಲಿ ಟವೆಲಿನಿಂದ ಕೆನ್ನೆ ಒತ್ತಿ ಹಿಡಿದ ಒಬ್ಬ ಅಜ್ಜ, ನಂತರ ನಾವು. ಮೇಜಿನ ಮೇಲೆ ಪ್ಲಾಸ್ಟರಿನ ದವಡೆಯೊಂದನ್ನು ಇಟ್ಟಿದ್ದರು, ಬಾಯಿ ತೆರೆದುಕೊಂಡ ಹಲ್ಲುಸಾಲು. ಸೃಷ್ಟಿ ಅದನ್ನೇ ನೋಡುತ್ತಾ ಕೂತು, ಆಮೇಲೆ ಎದ್ದು ಹೋಗಿ ತನ್ನ ಕರ್ಚೀಫನ್ನು ಅದರ ಮೇಲೆ ಮುಚ್ಚಿ ಬಂದಳು. ಅಜ್ಜ ಆ ನೋವಿನಲ್ಲೂ ನಕ್ಕರು.

ಡಾಕ್ಟರ್ ನನ್ನ ವಯಸ್ಸಿನ ಹೆಂಗಸು. ಕನ್ನಡಿ ಹಾಕಿ, ಗಾಳಿ ಊದಿ, ಒಂದೊಂದೇ ಹಲ್ಲನ್ನು ನೋಡಿದರು. ಬಲಗಡೆ ನೋಡಿ ಎಡಗಡೆ, ಮೇಲೆ ನೋಡಿ ಕೆಳಗೆ. ಬಹಳ ಹೊತ್ತು ನೋಡಿದರು. ಹುಳುಕು ಎಂದು ಹೇಳಿ ಸಿಮೆಂಟು ತುಂಬಿ ಕಳಿಸುತ್ತಾರೆ ಎಂದುಕೊಂಡಿದ್ದೆ ನಾನು.

"ಇದು ತಿಕ್ಕದ್ದಕ್ಕ ಆದದ್ದಲ್ರಿ," ಎಂದರು ಕೊನೆಗೆ. "ಹಲ್ಲಿನ ಮ್ಯಾಲಿನ ಗಟ್ಟಿ ಪದರ ಐತೆಲ್ಲ, ಅದ ಸರಿಯಾಗಿ ಕಟ್ಟಿಲ್ಲ. ಎರಡೂ ಬಾಜೂ ಒಂದ ನಮೂನಿ ಐತಿ. ಈ ಹಲ್ಲು ಒಸಡಿನ ಒಳಗ ತಯಾರಾಗೂ ಮುಂದ, ಅಂದ್ರ ಹುಟ್ಟಿದ ಮ್ಯಾಲೆ ಒಂದು, ಎರಡು, ಮೂರನೇ ವರ್ಷದಾಗ, ಕೂಸಿನ ಮೈಗೆ ಏನೋ ತ್ರಾಸ ಆಗೇತಿ. ಏನಾಗಿತ್ತು?"

ಏನಾಗಿತ್ತು? ಪ್ರಶ್ನೆಗಳು ಒಂದರ ಹಿಂದೆ ಒಂದು ಬಂದವು. ದಿನ ತುಂಬುವ ಮೊದಲೇ ಹುಟ್ಟಿದಳೇ? ಕಾಮಾಲೆ ಆಗಿತ್ತೇ? ಜ್ವರ ಬಂದು ಬಹಳ ದಿನ ಇತ್ತೇ? ಯಾವ ಔಷಧ ಕೊಟ್ಟಿರಿ? ಬೋರ್‌ವೆಲ್ ನೀರು ಕುಡಿಯುತ್ತೀರಾ? ಓಣಿಯ ಬೇರೆ ಮಕ್ಕಳ ಹಲ್ಲು ಹೀಗೇ ಇವೆಯೇ? ಓಣಿಯ ಮಕ್ಕಳ ಹಲ್ಲೆಲ್ಲ ನನಗೆ ಗೊತ್ತು, ಯಾರಿಗೂ ಹೀಗಿಲ್ಲ ಎಂದೆ. ಉಳಿದದ್ದಕ್ಕೆಲ್ಲ ಇಲ್ಲ, ನೆನಪಿಲ್ಲ, ಗೊತ್ತಿಲ್ಲ ಎಂದು ತಡವರಿಸಿದೆ. ಹುಟ್ಟಿದ ಐದನೇ ತಿಂಗಳಿಗೆ ಮಗುವನ್ನು ಹುಕ್ಕೇರಿಯ ನನ್ನ ತವರಿನಿಂದ ಕೊಣ್ಣೂರಿಗೆ ಕರೆತಂದಿದ್ದೆ. ಆಮೇಲೆ ಕೆಲಸ ಸಿಕ್ಕಾಗ ತರಬೇತಿಗೆಂದು ತಿಂಗಳೊಪ್ಪತ್ತು ಅವಳನ್ನು ನನ್ನ ತಾಯಿಯ ಹತ್ತಿರ ಬಿಟ್ಟಿದ್ದೆ. ಆಗವಳಿಗೆ ಒಂಬತ್ತು ತಿಂಗಳು.

"ನೆನಪ ಮಾಡ್ಕೊಂಡ ಬರ್ರಿ," ಎಂದು ಮುರಿದ ಹಲ್ಲಿಗೆ ತಾತ್ಕಾಲಿಕವಾಗಿ ಏನೋ ತುಂಬಿ ಕಳಿಸಿದರು.

ಅಂದು ಸಂಜೆ ಮನೆಯಲ್ಲಿ ಎಲ್ಲರ ಬಾಯಲ್ಲೂ ಅದೇ ಪ್ರಶ್ನೆ, ಆದರೆ ಬೇರೆ ದನಿಯಲ್ಲಿ. ಅತ್ತೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, "ನಮ್ಮ ಮನಿತನದಾಗ ಯಾರಿಗೂ ಹಲ್ಲು ಹಿಂಗಿಲ್ಲವಾ. ನಾ ಈ ವಯಸ್ಸಿನಾಗ ಕಬ್ಬ ಕಡದ ತಿಂತೀನಿ. ಇದು ನಿಮ್ಮ ಕಡೇದ್ದ ಇರಬೇಕು," ಎಂದರು. ನನ್ನ ಗಂಡ ಅವರ ಮಾತನ್ನು ತಡೆಯದೆ ತಟ್ಟೆ ಎಳೆದುಕೊಂಡರು. ಅದೇ ನನಗೆ ಚುಚ್ಚಿತು.

ಭಾನುವಾರ ಹುಕ್ಕೇರಿಗೆ ಹೋದೆ. ನನ್ನ ಅವ್ವ ಅಂಗಳದಲ್ಲಿ ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದಳು. ನಾನು ನೀರು ಕುಡಿಯುವ ಮೊದಲೇ ಕೇಳಿದೆ. ನಾನು ತರಬೇತಿಗೆ ಹೋದಾಗ ಸೃಷ್ಟಿಗೆ ಏನಾದರೂ ಆಗಿತ್ತೇ?

ಅವ್ವನ ಕೈ ನಿಂತಿತು. "ಯಾಕ ಕೇಳತಿ ಈಗ?"

"ಹೇಳ ಅವ್ವಾ. ಡಾಕ್ಟರ್ರು ಕೇಳ್ಯಾರ."

"ಜುಲಾಬ ಹತ್ತಿತ್ತು. ಎಂಟ ಹತ್ತ ದಿವಸ ನಿಲ್ಲಲಿಲ್ಲ. ಮೈ ಬಿಸಿನೂ ಇತ್ತು. ಇಲ್ಲೆ ಕಂಪೌಂಡರ ಒಂದ ಕೆಂಪ ಔಷಧ ಕೊಟ್ಟ, ಒಂದೆರಡ ಸೂಜಿ ಮಾಡಿದ. ನಿನಗ ಹೇಳಿದ್ರ ಟ್ರೇನಿಂಗ್ ಬಿಟ್ಟ ಓಡಿ ಬರ್ತಿದ್ದಿ, ಬಂದ ನೌಕರಿ ಹೋಗತಿತ್ತು. ಅದಕ್ಕ ಹೇಳಲಿಲ್ಲವಾ."

ಆರು ವರ್ಷಕ್ಕೂ ಹೆಚ್ಚು ಬಚ್ಚಿಟ್ಟ ಮಾತು. ಅದನ್ನು ಹೇಳುವಾಗ ಅವ್ವ ನನ್ನನ್ನು ನೋಡಲಿಲ್ಲ. ನಾನು ಆಡಿದ ಮಾತನ್ನು ಇಲ್ಲಿ ಬರೆಯಲು ಈಗಲೂ ಕೈ ತಡೆಯುತ್ತದೆ. "ನನ್ನ ಮಗಳ ಹಲ್ಲು ಕೆಡಿಸಿದಾಕಿ ನೀನ," ಎಂದೆ. ಅವ್ವ ಮೆಣಸಿನಕಾಯಿ ಹಿಡಿದ ಕೈಯಿಂದಲೇ ಕಣ್ಣು ಒರೆಸಿಕೊಂಡಳು. ಖಾರಕ್ಕೆ ಕಣ್ಣು ಇನ್ನೂ ಉರಿಯಿತು. ನಾನು ಅದನ್ನು ನೋಡಿಯೂ ಚಹಾ ಕುಡಿಯದೆ ಬಸ್ ಹತ್ತಿದೆ.

ಉತ್ತರ ಸಿಕ್ಕಿತೆಂದು ನಂಬಿಕೊಂಡು ಎರಡನೇ ಸಲ ಗೋಕಾಕಕ್ಕೆ ಹೋದೆ. ಜುಲಾಬು, ಜ್ವರ, ಕೆಂಪು ಔಷಧ ಎಲ್ಲ ಹೇಳಿದೆ. ಹಲ್ಲಿನ ಡಾಕ್ಟರ್ ಕೇಳಿಸಿಕೊಂಡರು, ಆದರೆ ತಲೆಯಾಡಿಸಲಿಲ್ಲ.

"ಹತ್ತ ದಿವಸದ ಜಡ್ಡಿಗೆ ಒಂದ ಗೆರಿ ಬೀಳಬಹುದು. ಇಲ್ಲೆ ಹಂಗಿಲ್ಲ. ಪದರ ಪೂರ್ತಿ ಸೊರಗೇತಿ. ಭಾಳ ದಿನ ನಡದದ್ದು ಇರಬೇಕು." ಆಮೇಲೆ ಸೃಷ್ಟಿಯನ್ನು ಕುರ್ಚಿಯಿಂದ ಇಳಿಸಿ ನಿಲ್ಲಿಸಿ ಮೇಲಿಂದ ಕೆಳಗೆ ನೋಡಿದರು. "ಸಾಲ್ಯಾಗ ಎಷ್ಟನೇತ್ತಾ ನೀ?"

"ಎರಡನೇತ್ತಾ."

"ಒಂದನೇತ್ತಾ ಅಂದ್ಕೊಂಡಿದ್ನಿ ನಾ." ನಂತರ ನನ್ನ ಕಡೆ ತಿರುಗಿದರು. "ಬಾಯಾಗ ಪದೇ ಪದೇ ಹುಣ್ಣ ಆಗತಾವೇನ್ರಿ? ಹೊಟ್ಟಿ ಉಬ್ಬತೈತೇನ? ಸಂಡಾಸ ಹೆಂಗ ಐತಿ?"

ಮೂರಕ್ಕೂ ಹೌದು, ಹೌದು, ಸರಿಯಿಲ್ಲ ಎಂದೆ. ವಾರಕ್ಕೆ ಎರಡು ದಿನ ಹೊಟ್ಟೆನೋವು ಎಂದು ಶಾಲೆ ತಪ್ಪಿಸುತ್ತಾಳೆ. ಜಂತುಹುಳದ ಗುಳಿಗೆ ಎಷ್ಟು ಸಲ ನುಂಗಿಸಿದ್ದೇನೋ ಲೆಕ್ಕವಿಲ್ಲ.

"ಹಲ್ಲು ನಾ ನೋಡ್ಕೊತೀನಿ," ಎಂದರು ಡಾಕ್ಟರ್. "ಆದ್ರ ಮೊದಲ ಬೆಳಗಾವಿಗೆ ಹೋಗಿ ಮಕ್ಕಳ ಹೊಟ್ಟಿ ಡಾಕ್ಟರ್ರಿಗೆ ತೋರಸ್ರಿ. ತಡಾ ಮಾಡಬ್ಯಾಡ್ರಿ."

ತಡ ಮಾಡಬೇಡಿ ಎಂಬ ಮಾತು ಮೆಟ್ಟಿಲು ಇಳಿಯುವಾಗಲೂ ಕಿವಿಯಲ್ಲೇ ಇತ್ತು. ಯಾಕೆಂದರೆ ಒಂದು ವಿಷಯ ನನಗೊಬ್ಬಳಿಗೇ ಗೊತ್ತಿತ್ತು. ಸೃಷ್ಟಿ ನನ್ನದೇ ಅಂಗನವಾಡಿಯ ಮಗು. ಮೂರು ವರ್ಷದಿಂದ ಆರು ವರ್ಷದವರೆಗೆ ಪ್ರತಿ ತಿಂಗಳು ನಾನೇ ಅವಳನ್ನು ತೂಗಿದ್ದೆ. ಎರಡು ಸಲ, ತಕ್ಕಡಿ ತೋರಿಸಿದ್ದಕ್ಕಿಂತ ಸ್ವಲ್ಪ ಹೆಚ್ಚು ತೂಕ ಬರೆದಿದ್ದೆ. ಟೀಚರಿನ ಮಗಳೇ ಕಡಿಮೆ ತೂಕದ ಪಟ್ಟಿಯಲ್ಲಿ ಬಂದರೆ ಓಣಿಯವರು ನನ್ನ ಮಾತು ಯಾಕೆ ಕೇಳಿಯಾರು ಎಂಬ ನಾಚಿಕೆಗೆ. ಆ ಎರಡು ತಿಂಗಳಲ್ಲಿ ಸರಿಯಾಗಿ ಬರೆದಿದ್ದರೆ ಯಾರಾದರೂ ದವಾಖಾನೆಗೆ ಕಳಿಸುತ್ತಿದ್ದರೋ ಏನೋ. ಇದನ್ನು ನನ್ನ ಗಂಡನಿಗೂ ಬಹಳ ದಿನ ಹೇಳಿರಲಿಲ್ಲ.

ಬೆಳಗಾವಿಗೆ ಹೋಗಬೇಕೆಂದಾಗ ಅವರು ಮೊದಲು ಸಿಟ್ಟಾದರು. "ಹಲ್ಲು ತೋರಸಾಕ ಹೋದ್ರ ಹೊಟ್ಟಿ ಅಂತಾರ. ನಾಳೆ ಕಣ್ಣ ಅಂತಾರ." ಮೋಟರ್ ಕೆಟ್ಟರೆ ಬಿಚ್ಚಿ, ಸುಟ್ಟ ತಂತಿ ಯಾವುದೆಂದು ಕಣ್ಣಾರೆ ನೋಡಿ ಬದಲಿಸುವ ಮನುಷ್ಯ. ಕಾಣದ ಕಾಯಿಲೆ ಅವರನ್ನು ನನಗಿಂತ ಹೆಚ್ಚು ಹೆದರಿಸಿತ್ತು ಎಂದು ಆಮೇಲೆ ತಿಳಿಯಿತು. ಮರುದಿನ ಬೆಳಿಗ್ಗೆ ಅಂಗಡಿ ತೆರೆಯದೆ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಸ್‌ಸ್ಟ್ಯಾಂಡಿಗೆ ನಮ್ಮ ಜೊತೆ ಬಂದರು.

ಬೆಳಗಾವಿಯ ಡಾಕ್ಟರ್ ವಯಸ್ಸಾದವರು, ಮೆಲುಮಾತಿನವರು. ನಾನು ಎಲ್ಲವನ್ನೂ ಮೊದಲಿನಿಂದ ಹೇಳಿದೆ. ಹುಕ್ಕೇರಿಯ ಜುಲಾಬಿನ ಮಾತು ಬಂದಾಗ ಅವರು ಪೆನ್ನು ನಿಲ್ಲಿಸಿದರು.

"ಒಂಬತ್ತ ತಿಂಗಳದಾಗ? ಅದಕ್ಕೂ ಮೊದಲ ಏನ ತಿನ್ನಸಾಕ ಸುರು ಮಾಡಿದ್ರಿ?"

"ಗೋದಿ ಸರಿ ರೀ. ಮೊಳಕಿ ಬರಿಸಿ, ಒಣಗಿಸಿ, ಬೀಸಿದ ಹಿಟ್ಟಿಂದು. ನಾನ ಮಾಡಿಕೊಟ್ಟ ಹೋಗಿದ್ನಿ."

"ಆಮ್ಯಾಲೆ?"

ಆಮೇಲೆ ಏನೇನು ಎಂದು ಹೇಳಿದೆ. ಮಗು ಸೊರಗುತ್ತಿದೆಯೆಂದು ಹಾಲಿನಲ್ಲಿ ಚಪಾತಿ ಕಿವುಚಿ ತಿನ್ನಿಸಿದ್ದು, ತುಪ್ಪ ಹಾಕಿ ಗೋಧಿ ಉಂಡೆ ಕಟ್ಟಿದ್ದು, ಜೋಳದ ರೊಟ್ಟಿ ಅರಗುವುದಿಲ್ಲವೆಂದು ಬಿಡಿಸಿದ್ದು, ಡ್ಯೂಟಿಯ ಗಡಿಬಿಡಿಯಲ್ಲಿ ಬೆಳಿಗ್ಗೆ ಚಹಾದ ಜೊತೆ ಬೇಕರಿಯ ಖಾರಿ, ಟೋಸ್ಟು ಕೊಟ್ಟದ್ದು. ಅವಳು ತೆಳ್ಳಗಾದಷ್ಟೂ ನಾನು ಗೋಧಿ ಹೆಚ್ಚು ಮಾಡಿದ್ದೆ.

"ಒಂದ ರಕ್ತ ಪರೀಕ್ಷೆ ಮಾಡೂಣ," ಎಂದರು.

ನಾಲ್ಕು ದಿನಕ್ಕೆ ವರದಿ ಬಂತು. ಅದರಲ್ಲಿದ್ದ ಅಂಕಿ ನನಗೆ ಅರ್ಥವಾಗಲಿಲ್ಲ, ಅದರ ಮುಂದೆ ದಪ್ಪಕ್ಷರದಲ್ಲಿ ಅಚ್ಚಾಗಿದ್ದ, ಮೇಲಕ್ಕೆ ಮುಖ ಮಾಡಿದ ಬಾಣದ ಗುರುತು ಅರ್ಥವಾಯಿತು. ಸೀಲಿಯಾಕ್ ಎಂಬ ಕಾಯಿಲೆ ಇರಬಹುದು, ಖಾತ್ರಿ ಮಾಡಲು ಬಾಯಿಯ ಮೂಲಕ ನಳಿಕೆ ಇಳಿಸಿ ಕರುಳಿನ ಚೂರು ತೆಗೆದು ನೋಡಬೇಕು ಎಂದರು ಡಾಕ್ಟರ್. ಚೂರು ತೆಗೆದು ನೋಡುವುದು ಎಂದರೆ ಕ್ಯಾನ್ಸರ್ ಎಂದಷ್ಟೇ ನನಗೆ ಗೊತ್ತಿದ್ದದ್ದು. ನನ್ನ ಮುಖ ನೋಡಿ, "ಅದಲ್ಲವಾ, ಅದಲ್ಲ," ಎಂದು ಎರಡು ಸಲ ಹೇಳಿದರು. "ಗೋದಿಯೊಳಗಿನ ಒಂದ ಅಂಶ ಕೆಲವರ ಕರುಳಿಗೆ ಒಗ್ಗೂದಿಲ್ಲ. ತಿಂದಾಗೊಮ್ಮೆ ಕರುಳು ಒಳಗಿಂದೊಳಗ ಕೆಡತೈತಿ. ಉಂಡದ್ದು ಮೈಗೆ ಹತ್ತೂದಿಲ್ಲ. ಹಲ್ಲಿಗೂ ಹತ್ತಿಲ್ಲ."

"ಹಂಗಾದ್ರ ಇವತ್ತಿಂದನ ಗೋದಿ ಬಂದ್ ಮಾಡ್ತೀನ್ರಿ," ಎಂದೆ.

"ಬಂದ್ ಮಾಡಬ್ಯಾಡ್ರಿ. ಈಗ ಬಿಟ್ರ ಪರೀಕ್ಷೆದಾಗ ಖರೆ ಏನೈತಿ ತಿಳಿಯೂದಿಲ್ಲ. ಎಂಡೋಸ್ಕೋಪಿ ಆಗೂತನಕ ದಿನಾ ತಿನ್ನಸ್ರಿ."

ತಾರೀಕು ಸಿಕ್ಕಿದ್ದು ಹನ್ನೆರಡು ದಿನಗಳ ನಂತರ.

ಆ ಹನ್ನೆರಡು ದಿನಗಳ ಬಗ್ಗೆ ಯಾರಾದರೂ ನನಗೆ ಮೊದಲೇ ಹೇಳಿದ್ದರೆ ಒಳ್ಳೆಯದಿತ್ತು. ದಿನಾ ಬೆಳಿಗ್ಗೆ ಕಣಕ ನಾದುತ್ತಿದ್ದೆ. ಚಪಾತಿ ಲಟ್ಟಿಸುವಾಗ ಇದು ನನ್ನ ಮಗಳ ಕರುಳನ್ನು ಕೆಡಿಸುತ್ತಿದೆ ಎಂದು ಗೊತ್ತಿದ್ದೂ ಲಟ್ಟಿಸುತ್ತಿದ್ದೆ. ಅವಳೇನೋ ಖುಷಿಯಿಂದ ತಿನ್ನುತ್ತಿದ್ದಳು. ಚಪಾತಿಗೆ ಸಕ್ಕರೆ ತುಪ್ಪ ಸವರಿ ಸುರುಳಿ ಮಾಡಿಕೊಡು ಎಂದು ಕೇಳುತ್ತಿದ್ದಳು. ನಾಲ್ಕನೇ ದಿನ ತಿಂದ ಸ್ವಲ್ಪ ಹೊತ್ತಿಗೆ ಹೊಟ್ಟೆ ಹಿಡಿದುಕೊಂಡು ಕೂತಾಗ, ಅವಳ ತಟ್ಟೆಯಲ್ಲಿ ಉಳಿದಿದ್ದ ಅರ್ಧ ಚಪಾತಿಯನ್ನು ತೆಗೆದು ಕೊಟ್ಟಿಗೆಯ ಎಮ್ಮೆಗೆ ಹಾಕಿ ಬಂದೆ. ನಂತರ ಅದಕ್ಕೂ ಹೆದರಿದೆ. ಪರೀಕ್ಷೆಯಲ್ಲಿ ಏನೂ ಕಾಣಿಸದೇ ಹೋದರೆ? ಮತ್ತೆ ಮೊದಲಿನಿಂದ ತಿನ್ನಿಸಿ ಎಂದರೆ? ಮರುದಿನ ಎರಡು ಕೊಟ್ಟೆ. ನನ್ನ ಕೈಯಿಂದ ಆಗದ ದಿನ ನನ್ನ ಗಂಡ ಪಕ್ಕದಲ್ಲಿ ಕೂತು ತಿನ್ನಿಸುತ್ತಿದ್ದರು, ಒಂದು ತುತ್ತು ಅವಳಿಗೆ, ಒಂದು ತುತ್ತು ತಮಗೆ.

ಅತ್ತೆ ಇದೆಲ್ಲವನ್ನೂ ನಂಬಲೇ ಇಲ್ಲ. "ಗೋದಿ ತಿಂದ್ರ ಜಡ್ಡ ಬರತೈತಿ ಅಂದ್ರ ಮಂದಿ ನಗತಾರ," ಎಂದರು. ಆದರೆ ಎಂಡೋಸ್ಕೋಪಿಯ ದಿನ ನಮಗಿಂತ ಮೊದಲು ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದರು.

ಹಸಿರು ಅಂಗಿ ತೊಡಿಸಿದಾಗ ಅದು ಸೃಷ್ಟಿಯ ಪಾದ ಮುಟ್ಟುತ್ತಿತ್ತು. ಅವರಲ್ಲಿದ್ದ ಅತಿ ಸಣ್ಣ ಅಂಗಿಯಂತೆ ಅದು. ಬಾಗಿಲಿನವರೆಗೆ ನನ್ನ ಬೆರಳು ಹಿಡಿದಿದ್ದಳು. "ಮಮ್ಮಿ, ನಿದ್ದಿ ಬರಲಿಲ್ಲ ಅಂದ್ರ?" ಎಂದು ಕೇಳಿದಳು. ಒಳಗಿದ್ದ ನರ್ಸ್ ಬಗ್ಗಿ, "ಬರಲಿಲ್ಲ ಅಂದ್ರ ನಾವಿಬ್ಬರೂ ಹೊರಗ ಹೋಗಿ ಮಾತಾಡ್ಕೋತ ಕುಂದ್ರೂಣು, ಆತಿಲ್ಲೋ?" ಎಂದಳು. ಆ ನರ್ಸಿನ ಹೆಸರು ನಾನು ಕೇಳಲಿಲ್ಲ. ಆ ಒಂದು ಮಾತಿಗೆ ಸೃಷ್ಟಿ ನನ್ನ ಬೆರಳು ಬಿಟ್ಟಳು.

ಬಾಗಿಲು ಮುಚ್ಚಿತು. ಆಗ, ಆ ಬೆಂಚಿನ ಮೇಲೆ, ನನ್ನ ಗಂಡನಿಗೆ ತೂಕದ ವಿಷಯ ಹೇಳಿದೆ. ಸುಳ್ಳು ಬರೆದೆ ಎಂದೆ. "ನಾ ಮಗಳನ್ನ ಎತ್ತಕೊಂಡಾಗೊಮ್ಮೆ ಹಗುರ ಅನ್ನಸ್ತಿತ್ತು, ಸುಜಾತಾ," ಎಂದರು. "ನಾನೂ ಬಾಯಿ ಬಿಡಲಿಲ್ಲಲ್ಲ." ಅಷ್ಟೇ. ಆಚೆ ಬದಿ ಕೂತಿದ್ದ ಅತ್ತೆ ಎಲ್ಲವನ್ನೂ ಕೇಳಿಸಿಕೊಂಡಿರಬೇಕು. ಚೀಲದಿಂದ ನೀರಿನ ಬಾಟಲಿ ತೆಗೆದು ನನ್ನ ಕೈಗೆ ಕೊಟ್ಟರು. ಮುಚ್ಚಳ ತಿರುವಿ ಸಡಿಲಿಸಿ ಕೊಟ್ಟಿದ್ದರು.

ಚೂರಿನ ವರದಿ ಬರಲು ಮತ್ತೆ ಒಂದು ವಾರ. ಕಾಯಿಲೆ ಖಾತ್ರಿಯಾಯಿತು. ಇದಕ್ಕೆ ಗುಳಿಗೆಯಿಲ್ಲ, ಆಪರೇಶನ್ ಇಲ್ಲ. ಗೋಧಿ, ಮೈದಾ, ರವೆ, ಜವೆ ಇವು ಜೀವನಪೂರ್ತಿ ಬೇಡ. ಅಷ್ಟು ಮಾಡಿದರೆ ಕರುಳು ತಾನಾಗಿ ಗುಣವಾಗುತ್ತದೆ ಎಂದರು ಡಾಕ್ಟರ್. ನಾನು ಹಲ್ಲುಗಳ ಬಗ್ಗೆ ಕೇಳಿದೆ.

"ಬಂದ ಹಲ್ಲು ಹಂಗ ಇರತಾವು. ಇನ್ನ ಬರೂವು ಇದ್ದಾವಲ್ಲ, ಅವು ಸುದ್ದಾ ಈ ಕೆಟ್ಟ ವರ್ಷದಾಗನ ಒಳಗ ತಯಾರಾಗ್ಯಾವು. ಅವಕ್ಕೂ ಸ್ವಲ್ಪ ಕಲಿ ಇದ್ದೀತು. ಆದ್ರ ಮಗಳು ಬೆಳೀತಾಳ."

ಹೊರಡುವಾಗ ಇನ್ನೊಂದು ಮಾತು ಹೇಳಿದರು. ಇದು ರಕ್ತಸಂಬಂಧದಲ್ಲಿ ಬರುವುದುಂಟು, ತಂದೆ ತಾಯಿ ಇಬ್ಬರೂ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ ಎಂದು. ಆಗಲಿ ಎಂದೆ. ಮಾಡಿಸಲಿಲ್ಲ.

ಆ ವಾರವೇ ಹುಕ್ಕೇರಿಗೆ ಹೋಗಿ ಅವ್ವನ ಎದುರು ಕೂತೆ. ನೀನು ಕೊಡಿಸಿದ ಔಷಧದಿಂದ ಏನೂ ಆಗಿರಲಿಲ್ಲ, ಆ ಜುಲಾಬೇ ಈ ಕಾಯಿಲೆಯ ಮೊದಲ ಸುಳಿವಾಗಿರಬಹುದು, ನೀನು ಅದನ್ನು ಹೇಳಿದ್ದರಿಂದಲೇ ಡಾಕ್ಟರಿಗೆ ದಾರಿ ಹೊಳೆಯಿತು ಎಂದೆ. ಅವ್ವ, "ಹೌದೇನ? ಹೌದೇನ?" ಎಂದು ಮತ್ತೆ ಮತ್ತೆ ಕೇಳಿದಳು. ಕ್ಷಮಿಸು ಎಂಬ ಮಾತು ನಮ್ಮ ಮನೆಯಲ್ಲಿ ಯಾರೂ ಆಡಿ ರೂಢಿಯಿಲ್ಲ. ಅವಳ ತಲೆಗೆ ಎಣ್ಣೆ ಹಚ್ಚಿ ಬಾಚಿ ಬಂದೆ.

ಗೋಕಾಕದ ಹಲ್ಲಿನ ಡಾಕ್ಟರ್ ಮುರಿಯುತ್ತಿದ್ದ ನಾಲ್ಕೂ ಹಿಂದಿನ ಹಲ್ಲುಗಳಿಗೆ ಸ್ಟೀಲಿನ ಟೋಪಿ ಹಾಕಿದರು, ಮುಂದಿನವಕ್ಕೆ ಬಿಳಿ ಲೇಪ ಕೊಟ್ಟರು. ಅಂದು ಸೃಷ್ಟಿ ಫ್ರಿಜ್ಜಿನ ನೀರು ಒಂದು ಲೋಟ ಕುಡಿದು, ಕಣ್ಣರಳಿಸಿ, "ಏನೂ ಆಗಲಿಲ್ಲ!" ಎಂದಳು.

ಮನೆಯಲ್ಲಿ ನಾನು ಎಣಿಸದಿದ್ದ ಕಡೆಯಿಂದ ಆಸರೆ ಬಂತು. ಜೋಳದ ಹಿಟ್ಟಾದರೂ ಗೋಧಿ ಬೀಸಿದ ಗಿರಣಿಯಲ್ಲೇ ಬೀಸಿದರೆ ಕೆಲಸಕ್ಕೆ ಬಾರದು ಎಂದು ಡಾಕ್ಟರ್ ಹೇಳಿದ್ದರು. ಅದನ್ನು ಕೇಳಿದ ಅತ್ತೆ, ಬೆಳಿಗ್ಗೆ ಗಿರಣಿಯ ಬಾಗಿಲು ತೆಗೆಯುವ ಮೊದಲೇ ಹೋಗಿ ಕೂರತೊಡಗಿದರು. ಗಿರಣಿಯವನಿಂದ ಕಲ್ಲು ಒರೆಸಿಸಿ, ಮೊದಲು ಬಿದ್ದ ಹಿಟ್ಟನ್ನು ಬೇರೆ ತೆಗೆದು, ಆಮೇಲಿನದನ್ನು ಸೃಷ್ಟಿಯ ಡಬ್ಬಿಗೆ ಹಾಕಿಸಿ ತರುತ್ತಿದ್ದರು. "ಟೀಚರ್ ಅತ್ತಿ ಗಂಗವ್ವಗ ಮಡಿ ಹೆಚ್ಚಾಗೇತಿ," ಎಂದು ಓಣಿಯವರು ನಕ್ಕರು. ಅವರು ಲೆಕ್ಕಕ್ಕಿಡಲಿಲ್ಲ. ಅವಳ ರೊಟ್ಟಿಗೆ ಹಂಚು ಬೇರೆ, ಹಿಟ್ಟು ನಾದುವ ಪರಾತ ಬೇರೆ. ಹಿಂಗಿನಲ್ಲೂ ಗೋಧಿ ಹಿಟ್ಟು ಬೆರೆಸಿರುತ್ತಾರೆಂದು ತಿಳಿದ ದಿನ ಒಗ್ಗರಣೆಯಿಂದ ಹಿಂಗನ್ನೇ ಬಿಟ್ಟೆವು.

ಎರಡು ತಿಂಗಳಿಗೆ ಹೊಟ್ಟೆನೋವು ನಿಂತಿತು. ಆರು ತಿಂಗಳಿಗೆ ಲಂಗದ ಅಂಚು ಬಿಚ್ಚಿ ಇಳಿಸಬೇಕಾಯಿತು. ನಾನು ಅಂಗನವಾಡಿಯ ತಕ್ಕಡಿಗೆ ಅವಳನ್ನು ಹತ್ತಿಸಿ, ಬಂದ ತೂಕವನ್ನು ಒಂದು ಗ್ರಾಮೂ ಆಚೀಚೆ ಮಾಡದೆ ನನ್ನದೊಂದು ಪುಸ್ತಕದಲ್ಲಿ ಬರೆದಿಟ್ಟೆ.

ಇಷ್ಟಾದರೂ ಹೆದರಿಕೆ ಹೋಗಲಿಲ್ಲ. ಮೂಡಲಗಿಯಲ್ಲಿರುವ ನನ್ನ ನಾದಿನಿಯ ಮಗುವಿನ ತೊಟ್ಟಿಲ ಕಾರ್ಯಕ್ಕೆ ಹೋದಾಗ ಸೃಷ್ಟಿಗೆ ಬೇರೆ ಬುತ್ತಿ ಕಟ್ಟಿಕೊಂಡು ಹೋಗಿದ್ದೆ. ನಾನು ಆರತಿಗೆಂದು ಎದ್ದಾಗ ನಾದಿನಿಯ ಅತ್ತೆ, ಪಾಪ, ಪ್ರೀತಿಯಿಂದಲೇ, ಒಂದು ತುಣುಕು ಹೋಳಿಗೆ ಅವಳ ಬಾಯಿಗೆ ಹಾಕಿದರಂತೆ. "ಇಷ್ಟರಾಗ ಏನ ಆಗತೈತಿ, ಕಾರ್ಯದ ದಿನ ಕೂಸು ಮಂದಿ ಬಾಯಿ ನೋಡಬಾರದು," ಎಂದು. ಮನೆಗೆ ಬರುವ ಬಸ್ಸಿನಲ್ಲೇ ವಾಂತಿ ಶುರುವಾಯಿತು. ಮೂರು ದಿನ ಅವಳು ಏಳಲಿಲ್ಲ. ಕಣ್ಣು ಗುಳಿ ಬಿದ್ದು, ತುಟಿ ಒಣಗಿ, ಏಳು ವರ್ಷದ ಸೃಷ್ಟಿ ಮತ್ತೆ ಹಾಸಿಗೆಯಲ್ಲಿ ಮಲಗಿದಂತೆ ಕಂಡಿತು. ಸಲೈನ್ ಏರಿಸಿದ ಕೈಯನ್ನು ಹಿಡಿದು ಕೂತಾಗ ನನಗೆ ಹೊಳೆಯಿತು. ಇದು ಗುಣವಾಗಿ ಮುಗಿಯುವ ಕಾಯಿಲೆಯಲ್ಲ. ಅವಳು ದೊಡ್ಡವಳಾಗುತ್ತಾಳೆ, ಹಾಸ್ಟೆಲ್ಲಿಗೆ ಹೋಗುತ್ತಾಳೆ, ಮದುವೆಯಾಗಿ ಇನ್ನೊಬ್ಬರ ಅಡುಗೆಮನೆಗೆ ಹೋಗುತ್ತಾಳೆ. ಎಲ್ಲ ಕಡೆ ಪ್ರೀತಿಯಿಂದ ಒಂದು ತುಣುಕು ಕೊಡುವವರು ಇರುತ್ತಾರೆ. ಎಷ್ಟು ಜನರ ಕೈ ಹಿಡಿಯಲಿ ನಾನು?

ನಮ್ಮ ರಕ್ತ ಪರೀಕ್ಷೆಯನ್ನು ನಾನು ಒಂದೂವರೆ ವರ್ಷ ಮುಂದೂಡಿದೆ. ಅತ್ತೆ ಅಂದಿದ್ದ "ನಿಮ್ಮ ಕಡೇದ್ದ" ಎಂಬ ಮಾತು ನಿಜವಾಗಿಬಿಟ್ಟರೆ ಎಂಬ ಅಂಜಿಕೆ. ಕೊನೆಗೆ ಡಾಕ್ಟರ್ ಗದರಿಸಿದ ಮೇಲೆ ಇಬ್ಬರೂ ಕೈ ಚಾಚಿದೆವು. ನನ್ನ ಗಂಡನದರಲ್ಲಿ ಏನೂ ಇರಲಿಲ್ಲ. ನನ್ನದರಲ್ಲಿ ಬಾಣದ ಗುರುತಿತ್ತು. ನಂತರ ನನಗೂ ನಳಿಕೆ ಇಳಿಸಿ ನೋಡಿದರು, ಅದೂ ಅದನ್ನೇ ಹೇಳಿತು. ಮದುವೆಯಾದಾಗಿನಿಂದ ನನ್ನ ಮೈಯಲ್ಲಿ ರಕ್ತ ಕಡಿಮೆಯೇ ಇರುತ್ತಿತ್ತು, ಕಬ್ಬಿಣದ ಗುಳಿಗೆ ಎಷ್ಟು ನುಂಗಿದರೂ ಮೆಟ್ಟಿಲು ಹತ್ತಿದರೆ ತಲೆ ಸುತ್ತುತ್ತಿತ್ತು. ಕೆಲಸ ಹೆಚ್ಚು ಎಂದುಕೊಂಡು ಸುಮ್ಮನಿದ್ದೆ. ಸೃಷ್ಟಿಗೆ ಮೊದಲು ಎರಡು ಬಸಿರು ನಿಲ್ಲದೆ ಹೋಗಿದ್ದವು. ಅದಕ್ಕೂ ಇದೇ ಕಾರಣವೇ ಎಂದು ಕೇಳಿದೆ. ಇರಬಹುದು, ಖಾತ್ರಿಯಾಗಿ ಹೇಳಲಾರೆ ಎಂದರು ಡಾಕ್ಟರ್.

ಮನೆಗೆ ಬಂದು ಅತ್ತೆಗೆ ಹೇಳಿದೆ. "ನೀವು ಅಂದದ್ದು ಖರೆ ಆತ್ರಿ. ನನ್ನ ಕಡೇದ್ದ." ಅವರು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಬಂದು, "ನಾಳಿಂದ ಎರಡ ಡಬ್ಬಿ ಒಯ್ಯಬೇಕಲ್ಲ ಗಿರಣಿಗೆ," ಎಂದರು.

ಸೃಷ್ಟಿ ಶಾಲೆಯಿಂದ ಬಂದಾಗ ಅವಳನ್ನು ಹತ್ತಿರ ಕೂರಿಸಿಕೊಂಡು ಹೇಳಿದೆ. ಅವಳು ಹೆದರಬಾರದೆಂದು ನಗುತ್ತಾ ಹೇಳಬೇಕೆಂದಿದ್ದೆ, ಆಗಲಿಲ್ಲ.

"ಅಂದ್ರ ನೀನೂ ಚಪಾತಿ ತಿನ್ನಂಗಿಲ್ಲ?"

"ಇಲ್ಲ."

"ಹೋಳಿಗಿ?"

"ಇಲ್ಲ."

"ಯಾವತ್ತೂ?"

"ಯಾವತ್ತೂ ಇಲ್ಲ."

ಅವಳು ಜಿಗಿದು ಚಪ್ಪಾಳೆ ತಟ್ಟಿದಳು. ಅಷ್ಟರಲ್ಲಿ ನನ್ನ ಮುಖ ಕಂಡು, ತಪ್ಪು ಮಾಡಿದವಳಂತೆ ಕೈ ಕೆಳಗಿಳಿಸಿದಳು. ಮೆಲ್ಲಗೆ ಬಂದು ನನ್ನ ಮಗ್ಗುಲಿಗೆ ಒತ್ತಿ ಕೂತಳು. ನಾನು ಅಂಗನವಾಡಿಯಲ್ಲಿ ಹೊಸದಾಗಿ ಸೇರಿದ ಮಕ್ಕಳಿಗೆ ಹೇಳುವ ದನಿಯಲ್ಲೇ ಹೇಳತೊಡಗಿದಳು.

"ಅಂಜಬ್ಯಾಡ ಮಮ್ಮಿ. ನಾ ಹೇಳಿಕೊಡ್ತೀನಿ. ಯಾರರೆ ಒಂದ ತುಣುಕು ತಗೋ ಅಂದ್ರ ಕೈ ಹಿಂದ ಕಟಗೋ. ಡಬ್ಬಿ ಯಾರ ಜೋಡಿನೂ ಅದಲಿ ಬದಲಿ ಮಾಡಬ್ಯಾಡ. ಮತ್ತ ಮದುವಿ ಮನ್ಯಾಗ ಎಲ್ಲಾರೂ ಉಣ್ಣಾಕ ಕುಂತಾಗ ಅಳು ಬರತೈತಿ. ಆವಾಗ ಗಟಗಟ ನೀರ ಕುಡಿ. ಅಳು ಒಳಗ ಹೋಗತೈತಿ. ನಾ ಹಂಗ ಮಾಡ್ತೀನಿ."

ಅಲ್ಲಿಯವರೆಗೂ ಎಲ್ಲ ಊಟದ ಪಂಕ್ತಿಗಳಲ್ಲಿ ಅವಳು ನನ್ನ ಪಕ್ಕದಲ್ಲೇ ಕೂತಿದ್ದಳು. ಬಾಯಾರಿಕೆ ಎಂದುಕೊಂಡು, ಖಾಲಿಯಾದ ಲೋಟಕ್ಕೆ ಮತ್ತೆ ಮತ್ತೆ ನೀರು ಹಾಕಿಸಿ ಕೊಟ್ಟವಳು ನಾನೇ.